ಎಳೆದ ಗಾಳಿ ಎಲ್ಲಿಗೆ ಹೋಗುತ್ತದೆ?

ತೋರಣಗಲ್ಲಿನಲ್ಲಿ ಉಕ್ಕು ಮೇಲಕ್ಕೆ ಹರಿಯುತ್ತದೆ. ಹೊಸಪೇಟೆಯಿಂದ ಬಳ್ಳಾರಿ ದಾರಿ ಹಿಡಿದು ಮೂವತ್ತು ಚಿಲ್ಲರೆ ಕಿಲೊಮೀಟರ್ ಹೋದರೆ ಸಂಡೂರು ತಾಲ್ಲೂಕಿನ ಈ ಊರು ಸಿಗುತ್ತದೆ. 1971ರಲ್ಲಿ ಇಂದಿರಾ ಗಾಂಧಿ ಇಲ್ಲಿ ವಿಜಯನಗರ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲು ಇಟ್ಟು ಹೋದರು. ಕಲ್ಲು ಇದ್ದಲ್ಲೇ ಇತ್ತು, ಕಾರ್ಖಾನೆ ಮಾತ್ರ ಬರಲಿಲ್ಲ. 1994ರಲ್ಲಿ ಜಿಂದಾಲ್ ವಿಜಯನಗರ ಸ್ಟೀಲ್ ಕಂಪನಿ ಹುಟ್ಟಿದ ಮೇಲೆ ಆ ಬಯಲಿನಲ್ಲಿ ಚಿಮಣಿಗಳೆದ್ದವು. ಇವತ್ತು ರಾತ್ರಿ ಬಸ್ಸಿನಲ್ಲಿ ಹೋಗುವವರಿಗೆ ಕಾಣುವುದು ಆಕಾಶಕ್ಕೆ ಹಚ್ಚಿದ ಬೆಂಕಿ ಮಾತ್ರ. ಮೇಲಕ್ಕೆ ಹರಿಯುವ ಉಕ್ಕು ಅದರ ಒಳಗೆಲ್ಲೋ ಇದೆ.

ಕರಗಿದ ಉಕ್ಕು ತುಂಬಿದ ಲ್ಯಾಡಲ್ ಒಂದು ಬೃಹತ್ ಪಾತ್ರೆಯ ಕೆಳಗೆ ಬಂದು ನಿಲ್ಲುತ್ತದೆ. ಆ ಪಾತ್ರೆಗೆ ಎರಡು ಟೊಳ್ಳು ಕಾಲುಗಳು, ಒಳಗೂ ಹೊರಗೂ ಬೆಂಕಿ ತಾಳುವ ಇಟ್ಟಿಗೆ. 1600 ಡಿಗ್ರಿಯ ಉಕ್ಕಿನಲ್ಲಿ ಕಾಲುಗಳನ್ನು ಅದ್ದಿ, ಮೇಲಿನ ಪಾತ್ರೆಯ ಗಾಳಿಯನ್ನೆಲ್ಲ ಪಂಪಿನಿಂದ ಎಳೆದರೆ ಎಳನೀರು ಸ್ಟ್ರಾದಲ್ಲಿ ಏರಿದ ಹಾಗೆ ಉಕ್ಕು ಏರುತ್ತದೆ. ವಿಶಾಖಪಟ್ಟಣದಂಥ ಕಡಲತೀರದ ಊರಿನಲ್ಲಾದರೆ ಅದು ಸುಮಾರು 1.47 ಮೀಟರ್ ಏರಬೇಕು. ತೋರಣಗಲ್ಲು ಸಮುದ್ರಮಟ್ಟದಿಂದ ಐನೂರು ಮೀಟರ್ ಆಸುಪಾಸಿನಲ್ಲಿದೆ, ನಮ್ಮ ತಲೆಯ ಮೇಲಿನ ಗಾಳಿ ಅಷ್ಟರಮಟ್ಟಿಗೆ ಹಗುರ. ಹಾಗಾಗಿ ಇಲ್ಲಿ ಅದು 1.4 ಮೀಟರಿಗೇ ನಿಲ್ಲುತ್ತದೆ. ಒಂದು ಕಾಲಿನೊಳಗೆ ಆರ್ಗಾನ್ ಅನಿಲ ಊದಿದರೆ ಆ ಕಡೆಯ ಉಕ್ಕು ಹಗುರಾಗಿ ಮೇಲೇರುತ್ತದೆ, ಇನ್ನೊಂದು ಕಾಲಿನಿಂದ ಕೆಳಗಿಳಿಯುತ್ತದೆ. ಹೀಗೆ ಲ್ಯಾಡಲ್ಲಿನ ಉಕ್ಕೆಲ್ಲ ಹಲವು ಸುತ್ತು ತಿರುಗಿ ಬರುವಷ್ಟರಲ್ಲಿ ಅದರೊಳಗೆ ಅಡಗಿದ್ದ ಅನಿಲಗಳು ಹೊರಬಿದ್ದಿರುತ್ತವೆ. 1950ರ ದಶಕದಲ್ಲಿ ಜರ್ಮನಿಯ ರೂರ್‌ಸ್ಟಾಲ್ ಮತ್ತು ಹೆರಾಯಸ್ ಎಂಬ ಎರಡು ಕಂಪನಿಗಳು ಕಂಡುಹಿಡಿದ ವಿದ್ಯೆ ಇದು. ಅವುಗಳ ಮೊದಲಕ್ಷರ ಹಿಡಿದು ಎಲ್ಲರೂ ಆರ್‌ಎಚ್ ಎನ್ನುತ್ತಾರೆ. ಹೊಸಪೇಟೆಯ ಇನ್ನೊಂದು ಮಗ್ಗುಲಿಗೆ, ಕೊಪ್ಪಳ ಜಿಲ್ಲೆಯ ಗಿಣಿಗೇರಾದ ಹಾಸ್ಪೆಟ್ ಸ್ಟೀಲ್ಸ್‌ನಲ್ಲಿ ವಾಹನದ ಬಿಡಿಭಾಗಗಳಿಗೆ ಬೇಕಾದ ಮಿಶ್ರ ಉಕ್ಕು ತಯಾರಾಗುತ್ತದೆ. ಅಂಥ ಉಕ್ಕಿಗೂ ಈ ನಿರ್ವಾತದ ಸ್ನಾನ ಬೇಕು. ಉಕ್ಕಿನಲ್ಲಿ ಜಲಜನಕ ಉಳಿದರೆ ರೈಲುಹಳಿಯೋ ಗಿರಣಿಯ ಶಾಫ್ಟೋ ತಿಂಗಳುಗಳ ನಂತರ ಒಳಗಿಂದೊಳಗೇ ಬಿರಿಯುತ್ತದೆ. ಇಂಗಾಲ ಜಾಸ್ತಿ ಉಳಿದರೆ ಕಾರಿನ ಬಾಗಿಲಿನ ತಗಡು ಅಚ್ಚಿಗೆ ಬಗ್ಗುವುದಿಲ್ಲ.

ಇದಿಷ್ಟು ಉಕ್ಕಿನ ಕಥೆ. ನನಗೆ ಬೇಕಿರುವುದು ಪಂಪಿನ ಕಥೆ. ನಿರ್ವಾತ ಪಂಪ್ ಎಂದ ಕೂಡಲೇ ನಮ್ಮ ಕಣ್ಣು ಅದು ಎಳೆಯುವ ಬಾಯಿಯ ಮೇಲೆ ಹೋಗುತ್ತದೆ. ಎಷ್ಟು ಎಳೆಯಿತು, ಎಷ್ಟು ಬೇಗ ಎಳೆಯಿತು, ಮುಳ್ಳು ಎಲ್ಲಿಗೆ ಬಂತು ಎಂದು ನೋಡುತ್ತೇವೆ. ಎಳೆದದ್ದನ್ನು ಅದು ಎಲ್ಲೋ ಬಿಡಲೇಬೇಕು. ಆ ಬಿಡುವ ಬಾಯಿಯ ಮುಂದೆ ಯಾರು ನಿಂತಿದ್ದಾರೆ ಎನ್ನುವುದರಲ್ಲೇ ಈ ಯಂತ್ರದ ಸುರಕ್ಷತೆಯ ಮುಕ್ಕಾಲು ಪಾಲು ಇದೆ.

ಒಂದು ಲೆಕ್ಕ ಮಾಡೋಣ. ಲ್ಯಾಡಲ್ಲಿನಲ್ಲಿ 180 ಟನ್ ಉಕ್ಕಿದೆ ಎಂದಿಟ್ಟುಕೊಳ್ಳಿ. ಅದರ ಇಂಗಾಲವನ್ನು ನೂರಕ್ಕೆ 0.03ರಿಂದ 0.003ಕ್ಕೆ ಇಳಿಸಬೇಕು. ಹೊರಬರುವ ಇಂಗಾಲ ಐವತ್ತು ಕಿಲೊ ಕೂಡ ಆಗುವುದಿಲ್ಲ. ಆದರೆ ಅದು ಉಕ್ಕಿನಲ್ಲಿರುವ ಆಮ್ಲಜನಕದ ಜೊತೆ ಸೇರಿ ಕಾರ್ಬನ್ ಮೊನಾಕ್ಸೈಡ್ ಆಗಿ ಬರುತ್ತದೆ. ಹಾಗೆ ಆದಾಗ ಅದರ ತೂಕ ಸುಮಾರು 113 ಕಿಲೊ, ಹೊರಗಿನ ಒತ್ತಡದಲ್ಲಿ ಅಳೆದರೆ 90 ಘನ ಮೀಟರ್. 1200 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ 1200 ಪಾಲು ಈ ಅನಿಲ ಸೇರಿದರೆ ಜೀವಕ್ಕೆ ತಕ್ಷಣದ ಅಪಾಯ ಎಂದು ಜಗತ್ತಿನ ಸುರಕ್ಷತಾ ತಜ್ಞರು ಗೆರೆ ಎಳೆದಿದ್ದಾರೆ. ಆ 90 ಘನ ಮೀಟರ್ ಅನಿಲ ಹೊರಗೆ ಹೋಗದೆ ಶೆಡ್ಡಿನೊಳಗೇ ಹರಡಿತೆನ್ನಿ. ನೂರು ಮೀಟರ್ ಉದ್ದ, ಐವತ್ತು ಮೀಟರ್ ಅಗಲ, ಹದಿನೈದು ಮೀಟರ್ ಎತ್ತರದ ಶೆಡ್ ಇಡಿಯಾಗಿ ಆ ಗೆರೆ ಮುಟ್ಟುತ್ತದೆ. ಒಂದು ಲ್ಯಾಡಲ್ಲಿನಿಂದ ಇಷ್ಟು. ದಿನಕ್ಕೆ ಇಂಥ ಲ್ಯಾಡಲ್‌ಗಳು ಒಂದರ ಹಿಂದೊಂದು ಬರುತ್ತಲೇ ಇರುತ್ತವೆ.

ವಾಸನೆ ಇಲ್ಲದ ಅನಿಲ

ತೋರಣಗಲ್ಲಿನ ಕೆಲಸಗಾರರಿಗೆ ಈ ಅನಿಲ ಹೊಸದಲ್ಲ. ಊದುಕುಲುಮೆಯ ಅನಿಲದಲ್ಲಿ ನೂರಕ್ಕೆ ಇಪ್ಪತ್ತರ ಮೇಲೆ ಇದೇ ಇರುತ್ತದೆ. ದೇಶದಲ್ಲೇ ಮೊದಲು ಇಲ್ಲಿಗೆ ಬಂದ ಕೋರೆಕ್ಸ್ ಕುಲುಮೆಯ ಅನಿಲದಲ್ಲಿ ಅದು ನಲವತ್ತರ ಆಜುಬಾಜು. ಅದನ್ನು ವ್ಯರ್ಥ ಮಾಡದೆ ವಿದ್ಯುತ್ ಕೂಡ ತಯಾರಿಸುತ್ತಾರೆ. ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿಯುವುದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ವಾಕರಿಕೆ, ಮೊಣಕಾಲಿನಲ್ಲಿ ಬಲ ಇಲ್ಲದಂತಾಗುವುದು. ಬೇಸಿಗೆಯಲ್ಲಿ ನಲವತ್ತೆರಡು ಡಿಗ್ರಿ ಬಿಸಿಲಿನ ಈ ಸೀಮೆಯಲ್ಲಿ ಇದನ್ನೆಲ್ಲ ಬಿಸಿಲು ಬಡಿದದ್ದು ಅಂದುಕೊಳ್ಳುವುದು ಸಲೀಸು. ನೆರಳಲ್ಲಿ ಹತ್ತು ನಿಮಿಷ ಕೂತು ನೀರು ಕುಡಿದು ಹೋಗೋಣ ಎಂದು ಅದೇ ಪಂಪ್‌ಹೌಸಿನ ಗೋಡೆಗೆ ಒರಗಿ ಕೂತವನು ಏಳುವುದಿಲ್ಲ. ಎಂಟು ಗಂಟೆಯ ಪಾಳಿಗೆ ಸರಾಸರಿ 50 ಪಿಪಿಎಂ ಮೀರಬಾರದು ಎಂದು 1948ರ ಕಾರ್ಖಾನೆಗಳ ಕಾಯ್ದೆಯ ಎರಡನೇ ಅನುಸೂಚಿ ಹೇಳಿತ್ತು. ಇದನ್ನು ಮೂಗು ಅಳೆಯಲಾರದು. ಅದಕ್ಕೇ ಎದೆಯ ಮೇಲೆ, ಉಸಿರಾಡುವ ಗಾಳಿಯ ಹತ್ತಿರ ಸಿಕ್ಕಿಸಿಕೊಳ್ಳುವ ಗ್ಯಾಸ್ ಮಾನಿಟರ್ ಬೇಕು. ಅದನ್ನು ಸೊಂಟದ ಬೆಲ್ಟಿಗೋ ಬ್ಯಾಗಿನ ಒಳಗೋ ಹಾಕಿಕೊಂಡು ತಿರುಗುವವರನ್ನು ಕಂಡರೆ ನನಗೆ ಹೆಲ್ಮೆಟ್ಟನ್ನು ಬೈಕಿನ ಕನ್ನಡಿಗೆ ತೂಗುಹಾಕಿ ಓಡಿಸುವವರು ನೆನಪಾಗುತ್ತಾರೆ. ಪಾಳಿಗೆ ಮುಂಚೆ, ಅಳತೆ ಗೊತ್ತಿರುವ ಅನಿಲವನ್ನು ಒಂದು ಸಲ ಅದರ ಮೇಲೆ ಬಿಟ್ಟು ಕೂಗುತ್ತದೋ ಇಲ್ಲವೋ ನೋಡಬೇಕು. ದೀಪ ಮಿನುಗುತ್ತಿದೆ ಎಂದ ಮಾತ್ರಕ್ಕೆ ಸೆನ್ಸರ್ ಬದುಕಿದೆ ಎಂದಲ್ಲ.

ವಿಷ ಒಂದು ಕಡೆಯಾದರೆ ಸ್ಫೋಟ ಇನ್ನೊಂದು. ಗಾಳಿಯಲ್ಲಿ ನೂರಕ್ಕೆ ಹನ್ನೆರಡೂವರೆಯಿಂದ ಎಪ್ಪತ್ತನಾಲ್ಕರವರೆಗೆ ಕಾರ್ಬನ್ ಮೊನಾಕ್ಸೈಡ್ ಇದ್ದರೆ ಕಿಡಿ ಸಾಕು. ಜಲಜನಕದ ಹರವು ಇನ್ನೂ ದೊಡ್ಡದು, ನಾಲ್ಕರಿಂದ ಎಪ್ಪತ್ತೈದು. ಇಲ್ಲಿ ಒಂದು ವಿಚಿತ್ರವಿದೆ. ಪಾತ್ರೆಯ ಒಳಗೆ ಒತ್ತಡ ಒಂದೆರಡು ಮಿಲಿಬಾರಿಗೆ ಇಳಿದಾಗ ಬೆಂಕಿಯೇನೂ ಆಗುವುದಿಲ್ಲ. ಅನಿಲ ಅಷ್ಟು ತೆಳುವಾದಾಗ ಜ್ವಾಲೆ ಒಂದು ಕಣದಿಂದ ಇನ್ನೊಂದಕ್ಕೆ ಹಬ್ಬಲಾರದು. 1600 ಡಿಗ್ರಿಯ ಉಕ್ಕು ಇರುವ ಜಾಗವೇ ಸ್ಫೋಟದ ಮಟ್ಟಿಗೆ ಸುರಕ್ಷಿತ! ಪಂಪು ಅದೇ ಅನಿಲವನ್ನು ಹಂತಹಂತವಾಗಿ ಸಾವಿರ ಪಟ್ಟು ಅದುಮಿ ಹೊರಗಿನ ಒತ್ತಡಕ್ಕೆ ತರುತ್ತದೆ. ಅದುಮಿದಷ್ಟೂ ಬಿಸಿಯೇರುತ್ತದೆ. ಕೊನೆಯ ಹಂತಕ್ಕೆ ಬರುವಾಗ ಅದು ದಪ್ಪವಾದ, ಬಿಸಿಯಾದ, ಉರಿಯಬಲ್ಲ ಅನಿಲ. ಉರಿಯಲು ಅದಕ್ಕಿನ್ನು ಬೇಕಾದದ್ದು ಸ್ವಲ್ಪ ಗಾಳಿ ಮಾತ್ರ.

ಗಾಳಿ ಎಲ್ಲಿಂದ ಬರುತ್ತದೆ? ಸಾಮಾನ್ಯ ಗ್ಯಾಸ್ ಪೈಪಿನಲ್ಲಿ ತೂತಾದರೆ ಒಳಗಿನದು ಹೊರಗೆ ಬರುತ್ತದೆ, ಮಾನಿಟರ್ ಕೂಗುತ್ತದೆ. ನಿರ್ವಾತದ ಪೈಪಿನಲ್ಲಿ ತೂತಾದರೆ ಹೊರಗಿನ ಗಾಳಿ ಒಳಗೆ ಹೋಗುತ್ತದೆ, ಮಾನಿಟರ್ ಸುಮ್ಮನಿರುತ್ತದೆ. ಬೆಲ್ಲೋಸ್ ಬಿರಿದಿರಬಹುದು, ಗ್ಯಾಸ್ಕೆಟ್ ಸವೆದಿರಬಹುದು, ಫ್ಲೇಂಜಿನ ಒಂದು ಬೋಲ್ಟ್ ಸಡಿಲಿರಬಹುದು. ಶಾಪ್‌ಫ್ಲೋರಿನಲ್ಲಿ ಯಾರಿಗೂ ಗೊತ್ತಾಗದೆ ಗಾಳಿ ಒಳಗೆ ಸೇರಿಕೊಳ್ಳುತ್ತದೆ, ಪಂಪಿನ ಕೊನೆಯ ಹಂತದಲ್ಲಿ ಕಾಯುತ್ತದೆ. ಇದನ್ನು ಹಿಡಿಯುವ ಉಪಾಯ ಹಳೆಯದು, ಸರಳ: ಪಾತ್ರೆಯನ್ನು ಖಾಲಿ ಮಾಡಿ, ಪಂಪಿನ ಕಡೆಯ ವಾಲ್ವ್ ಮುಚ್ಚಿ, ಗಡಿಯಾರ ಹಿಡಿದು ಮುಳ್ಳನ್ನು ನೋಡುತ್ತ ನಿಲ್ಲುವುದು. ಇಂತಿಷ್ಟು ನಿಮಿಷದಲ್ಲಿ ಒತ್ತಡ ಇಂತಿಷ್ಟಕ್ಕಿಂತ ಜಾಸ್ತಿ ಏರಿದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಉತ್ಪಾದನೆಯ ಒತ್ತಡದಲ್ಲಿ ಮೊದಲು ಕೈಬಿಡುವ ಪರೀಕ್ಷೆಯೂ ಇದೇ, ಯಾಕೆಂದರೆ ಸೋರಿಕೆ ಇದ್ದರೂ ದೊಡ್ಡ ಪಂಪು ಹೇಗೋ ಎಳೆದು ಕೆಲಸ ಮುಗಿಸಿಬಿಡುತ್ತದೆ.

ಸೋರಿಕೆ ಇಲ್ಲದಿದ್ದರೂ ಎರಡು ಗಳಿಗೆಗಳು ತಪ್ಪುವುದಿಲ್ಲ. ಪಂಪು ಶುರುವಾದಾಗ ಪಾತ್ರೆಯ ತುಂಬ ಗಾಳಿ ಇರುತ್ತದೆ. ಅದು ಖಾಲಿಯಾಗುತ್ತಿರುವಾಗಲೇ ಉಕ್ಕು ಕುದಿದು ಅನಿಲ ಬಿಡತೊಡಗುತ್ತದೆ, ಹೊರಬಾಯಿಯಲ್ಲಿ ಎರಡೂ ಬೆರೆಯುತ್ತವೆ. ಕೆಲಸ ಮುಗಿದು ನಿರ್ವಾತ ಒಡೆಯುವಾಗ ಮತ್ತೆ ಅದೇ. ಈ ಎರಡೂ ಸಂದಿಗಳಲ್ಲಿ ಕಾಪಾಡುವುದು ಸಾರಜನಕ. ಪಂಪಿನ ಹಂತಗಳಿಗೂ ಹೊರಬಾಯಿಗೂ ಸಾರಜನಕ ಬಿಟ್ಟು ಆಮ್ಲಜನಕದ ಪಾಲನ್ನು ನೂರಕ್ಕೆ ಐದಕ್ಕಿಂತ ಕೆಳಗೆ ಹಿಡಿದರೆ ಕಾರ್ಬನ್ ಮೊನಾಕ್ಸೈಡ್ ಆಗಲಿ ಜಲಜನಕವಾಗಲಿ ಹತ್ತಿಕೊಳ್ಳುವುದಿಲ್ಲ. ನಿರ್ವಾತವನ್ನೂ ಗಾಳಿಯಿಂದ ಒಡೆಯದೆ ಮೊದಲು ಸಾರಜನಕದಿಂದ ಒಡೆಯಬೇಕು. ಸಾರಜನಕದ ಒತ್ತಡ ಬಿದ್ದರೆ ಪಂಪು ತಾನೇ ನಿಲ್ಲುವ ಹಾಗೆ ಇಂಟರ್‌ಲಾಕ್ ಇರುತ್ತದೆ. ಅದನ್ನು ಬೈಪಾಸ್ ಮಾಡಿ ತಂತಿ ಸುತ್ತಿಟ್ಟ ಪ್ಯಾನಲ್‌ಗಳು ಈ ದೇಶದಲ್ಲಿ ಎಷ್ಟಿವೆಯೋ, ದೇವರಿಗೇ ಗೊತ್ತು.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ನೀರೆತ್ತುವ ಸೆಂಟ್ರಿಫ್ಯೂಗಲ್ ಪಂಪಿನ ಅಭ್ಯಾಸವಿದ್ದವರು ಹೊರಬಾಯಿಯ ವಾಲ್ವ್ ಮುಚ್ಚಿ ಪಂಪು ಚಾಲೂ ಮಾಡುತ್ತಾರೆ. ಸ್ಕ್ರೂ, ರೋಟರಿ ವೇನ್ ಜಾತಿಯ ನಿರ್ವಾತ ಪಂಪುಗಳಲ್ಲಿ ಹೀಗೆ ಮಾಡಿದರೆ ಕವಚವೇ ಸಿಡಿಯಬಹುದು. ಹೊರಬಾಯಿಯ ಪೈಪಿನಲ್ಲಿ ಮಸಿ ಕಟ್ಟಿದರೂ, ನೀರು ನಿಂತರೂ ಫಲ ಅದೇ. ಎಳೆಯುವ ಅನಿಲದಲ್ಲಿ ಆಮ್ಲಜನಕ ಹೆಚ್ಚಿದ್ದರೆ ಮಾಮೂಲಿ ಖನಿಜ ತೈಲ ಹಾಕಕೂಡದು, ತೈಲವೇ ಇಂಧನವಾಗಿಬಿಡುತ್ತದೆ.

ನೀರಿನ ಬೆನ್ನೇರಿ ಬರುವುದು

ಹಳೆಯ ಮಾದರಿಯ ಘಟಕಗಳಲ್ಲಿ ತಿರುಗುವ ಪಂಪಿನ ಬದಲು ಹಬೆಯ ಇಜೆಕ್ಟರ್ ಇರುತ್ತದೆ. ಬಿರುಸಾಗಿ ನುಗ್ಗುವ ಹಬೆ ಅನಿಲವನ್ನು ಎಳೆದುಕೊಂಡು ಹೋಗುತ್ತದೆ, ಮುಂದೆ ತಣ್ಣೀರು ಸಿಂಪಡಿಸಿ ಹಬೆಯನ್ನು ನೀರಾಗಿಸುತ್ತಾರೆ. ಆ ನೀರು ಹತ್ತು ಮೀಟರ್ ಎತ್ತರದಿಂದ ಉದ್ದನೆಯ ಪೈಪಿನಲ್ಲಿ ಕೆಳಗಿನ ತೊಟ್ಟಿಗೆ ಇಳಿಯುತ್ತದೆ. ತೊಟ್ಟಿಗೆ ಹಾಟ್‌ವೆಲ್ ಎನ್ನುತ್ತಾರೆ. ಅನಿಲವೆಲ್ಲ ಚಿಮಣಿಗೆ ಹೋಯಿತು ಎಂದು ನಂಬಿ ನೆಮ್ಮದಿಯಿಂದಿರುವಾಗ ಒಂದಿಷ್ಟು ಅನಿಲ ಗುಳ್ಳೆಯಾಗಿ, ಕರಗಿದ ರೂಪದಲ್ಲಿ ನೀರಿನ ಜೊತೆಗೇ ಇಳಿದು ಹಾಟ್‌ವೆಲ್ಲಿನ ಮೇಲೆ ಬಿಚ್ಚಿಕೊಳ್ಳುತ್ತದೆ. ನೀರಿನ ತೊಟ್ಟಿ ತಾನೇ ಎಂದು ಅದರ ಪಕ್ಕದಲ್ಲಿ ಯಾರಾದರೂ ಊಟದ ಡಬ್ಬಿ ಬಿಚ್ಚಿದರೆ ಅವರನ್ನು ದೂರುವುದು ಹೇಗೆ? ಹಾಟ್‌ವೆಲ್ಲಿಗೆ ಮುಚ್ಚಳ, ಮುಚ್ಚಳದಿಂದ ಮೇಲಕ್ಕೊಂದು ಗಾಳಿಕೊಳವೆ, ಪಕ್ಕದಲ್ಲಿ ಸ್ಥಿರವಾದ ಮಾನಿಟರ್ ಇರಬೇಕಾದದ್ದು ಇದಕ್ಕೇ.

ನೀರು ಅನಿಲವನ್ನು ಹೇಗೆ ಹೊತ್ತು ತರುತ್ತದೆ ಎನ್ನುವುದಕ್ಕೆ ಭಿಲಾಯ್ ಉಕ್ಕಿನ ಕಾರ್ಖಾನೆಗಿಂತ ಕಹಿಯಾದ ಉದಾಹರಣೆ ಬೇಡ. 2014ರ ಜೂನ್ 12ರಂದು ಅಲ್ಲಿ ನೀರಿನ ಒತ್ತಡ ಕುಸಿದು, ಊದುಕುಲುಮೆಯ ಅನಿಲ ನೀರಿನ ಪೈಪಿನೊಳಗೇ ಹಿಂದಕ್ಕೆ ನುಗ್ಗಿ ಪಂಪ್‌ಹೌಸ್ ಸೇರಿತು. ಸತ್ತವರು ಆರು ಜನ, ಅವರಲ್ಲಿ ಇಬ್ಬರು ಡಿಜಿಎಂ ದರ್ಜೆಯ ಅಧಿಕಾರಿಗಳು. ಅನಿಲದ ಅಪಾಯವನ್ನು ಚೆನ್ನಾಗಿ ಬಲ್ಲವರೂ ನೀರಿನ ಪಂಪ್‌ಹೌಸಿನಲ್ಲಿ ಅದನ್ನು ನಿರೀಕ್ಷಿಸುವುದಿಲ್ಲ. 2021ರ ಜನವರಿ 6ರಂದು ರೂರ್ಕೆಲಾದಲ್ಲಿ ಇದೇ ಅನಿಲಕ್ಕೆ ನಾಲ್ವರು ಬಲಿಯಾದರು, ನಾಲ್ವರೂ ಗುತ್ತಿಗೆ ಕಾರ್ಮಿಕರು. ತೋರಣಗಲ್ಲಿಗೆ ಒಡಿಶಾ, ಬಿಹಾರ, ಜಾರ್ಖಂಡದಿಂದ ಬಂದ ಹುಡುಗರಿದ್ದಾರೆ, ಸಂಡೂರು, ಕೂಡ್ಲಿಗಿ ಕಡೆಯವರೂ ಇದ್ದಾರೆ. ಎಚ್ಚರಿಕೆಯ ಫಲಕವನ್ನು ಯಾವ ಭಾಷೆಯಲ್ಲಿ ಬರೆಯಬೇಕು ಎನ್ನುವುದು ಇಲ್ಲಿ ಭಾಷಾಭಿಮಾನದ ಪ್ರಶ್ನೆಯೇ ಅಲ್ಲ. ಎಲ್ಲ ಭಾಷೆಯಲ್ಲೂ ಬರೆದು, ಅದರ ಮೇಲೆ ಚಿತ್ರವನ್ನೂ ಹಾಕಬೇಕು.

ರಿಪೇರಿಯ ದಿನ ಪಂಪು ನಿಂತಿರುತ್ತದೆ. ನಿಂತ ಪಂಪಿನಷ್ಟು ಮೋಸಗಾರ ಇನ್ನೊಂದಿಲ್ಲ. ಫಿಲ್ಟರಿನ ಚೀಲಗಳಲ್ಲಿ ಲೋಹದ ನುಣುಪು ಧೂಳು ತುಂಬಿರುತ್ತದೆ. ನಿರ್ವಾತದಲ್ಲಿ ಹುಟ್ಟಿದ ಆ ಧೂಳು ಗಾಳಿಯನ್ನೇ ಕಂಡಿರುವುದಿಲ್ಲ, ಬಾಗಿಲು ತೆಗೆದ ಕೂಡಲೇ ತಾನಾಗಿ ಹೊತ್ತಿಕೊಳ್ಳಬಹುದು. ಸಾರಜನಕದ ನಡುವೆ ಸ್ವಲ್ಪಸ್ವಲ್ಪವೇ ಗಾಳಿ ಬಿಟ್ಟು, ತಣ್ಣಗೆ ಆಕ್ಸೈಡಾಗಲು ಸಮಯ ಕೊಟ್ಟು ಆಮೇಲೆ ತೆರೆಯಬೇಕು. ಪಂಪಿನ ಎಣ್ಣೆಯಲ್ಲೂ ಅನಿಲ ಕರಗಿರುತ್ತದೆ. ಇನ್ನು ವಾಲ್ವ್. ಮುಚ್ಚಿದ ವಾಲ್ವನ್ನು ನಂಬಿ ಫ್ಲೇಂಜ್ ಬಿಚ್ಚುವುದು ಈ ಉದ್ಯೋಗದ ಮಹಾಪಾಪ. ಎರಡು ಫ್ಲೇಂಜುಗಳ ನಡುವೆ ತಟ್ಟೆಯಂಥ ಬ್ಲೈಂಡ್ ತೂರಿಸಿ ಬೋಲ್ಟ್ ಬಿಗಿದ ಮೇಲೆಯೇ ಲೈನು ಬಂದಾಯಿತು ಎಂದರ್ಥ. ಸ್ವಿಚ್ಚಿಗೆ ಬೀಗ, ಬೀಗಕ್ಕೆ ಹೆಸರಿನ ಚೀಟಿ, ಬೀಗದ ಕೈ ಒಳಗೆ ಇಳಿಯುವವನ ಜೇಬಿನಲ್ಲೇ.

ಕಾಪಾಡಿದ ಸಾರಜನಕವೇ ಕೊಲ್ಲುವುದು ಇಂಥ ದಿನ. ನಾವು ಉಸಿರಾಡುವ ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲು ಅದೇ ಇದೆ ಎಂದು ಯಾರಿಗೂ ಅದರ ಮೇಲೆ ಅನುಮಾನ ಬರುವುದಿಲ್ಲ. ಆದರೆ ಸಾರಜನಕ ಮಾತ್ರವೇ ತುಂಬಿದ ಪಾತ್ರೆಗೆ ತಲೆ ಹಾಕಿದವನು ಒಂದೆರಡು ಉಸಿರಿಗೆ ಕುಸಿಯುತ್ತಾನೆ, ಉಸಿರು ಕಟ್ಟಿದ ಅನುಭವವೂ ಆಗದೆ. 1992ರಿಂದ 2002ರವರೆಗಿನ ಅವಧಿಯಲ್ಲಿ ಅಮೆರಿಕದಲ್ಲಿ ಹೀಗೆ 80 ಮಂದಿ ಸತ್ತರು ಎಂದು ಅಲ್ಲಿನ ಕೆಮಿಕಲ್ ಸೇಫ್ಟಿ ಬೋರ್ಡ್ ಲೆಕ್ಕ ಕೊಟ್ಟಿತ್ತು. ಆಮ್ಲಜನಕ 19.5ಕ್ಕಿಂತ ಕಡಿಮೆ ಇದ್ದರೆ ಇಳಿಯಬೇಡಿ ಎನ್ನುವ ಗೆರೆಯನ್ನು ಗಣಿಯಿಂದ ಗೋದಾಮಿನವರೆಗೆ ಎಲ್ಲರೂ ಒಪ್ಪಿದ್ದಾರೆ. ಕಾರ್ಖಾನೆಗಳ ಕಾಯ್ದೆಯ 36ನೇ ಕಲಂ ಇನ್ನೂ ಸ್ಪಷ್ಟವಾಗಿ ಬರೆದಿತ್ತು: ತೊಟ್ಟಿ, ಗುಂಡಿ, ಪೈಪು, ಹೊಗೆನಾಳ ಯಾವುದೇ ಇರಲಿ, ಒಳಗಿನ ಗಾಳಿಯನ್ನು ಅರ್ಹ ವ್ಯಕ್ತಿ ಪರೀಕ್ಷಿಸಿ ಬರಹದಲ್ಲಿ ಸರ್ಟಿಫಿಕೇಟ್ ಕೊಟ್ಟಿರಬೇಕು. ಇಲ್ಲವೇ ಇಳಿಯುವವನು ಉಸಿರಾಟದ ಉಪಕರಣ ಧರಿಸಿ, ಸೊಂಟಕ್ಕೆ ಬೆಲ್ಟ್ ಕಟ್ಟಿ, ಅದರ ಹಗ್ಗದ ತುದಿ ಹೊರಗಿರುವವನ ಕೈಯಲ್ಲಿರಬೇಕು. ಒಳಗೆ ಒಯ್ಯುವ ದೀಪ ಕೂಡ 24 ವೋಲ್ಟ್ ಮೀರಬಾರದು. ಆ ಹಗ್ಗದ ಮಾತು ಬರೆದವರು ಒಂದು ಸತ್ಯವನ್ನು ಕಂಡಿದ್ದರು. ಬಿದ್ದವನನ್ನು ಕಂಡು ಜೊತೆಗಾರ ಇಳಿಯುತ್ತಾನೆ, ಅವನನ್ನು ಕಂಡು ಮೂರನೆಯವನು. ಹಗ್ಗ ಇದ್ದರೆ ಇಳಿಯದೆ ಎಳೆಯಬಹುದು.

ಸಕ್ಕರೆಯ ಪ್ಯಾನ್, ಹೊಸಪೇಟೆಯ ಗಾಳಿ

ಉಕ್ಕು ಬರುವ ಮೊದಲೇ ಈ ಸೀಮೆಗೆ ನಿರ್ವಾತ ಪಂಪು ಗೊತ್ತಿತ್ತು, ಅದು ಬಂದದ್ದು ಕಬ್ಬಿನ ಹಿಂದೆ. ಹೊಸಪೇಟೆ, ಕಮಲಾಪುರ, ಕಂಪ್ಲಿಯ ತುಂಗಭದ್ರೆಯ ದಂಡೆಯಲ್ಲಿ ವಿಜಯನಗರದ ಕಾಲದ ಕಾಲುವೆಗಳು ಇವತ್ತಿಗೂ ಗದ್ದೆ, ತೋಟಗಳಿಗೆ ನೀರುಣಿಸುತ್ತಿವೆ. ಆಲೆಮನೆಯ ತೆರೆದ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ನೂರು ಡಿಗ್ರಿ ದಾಟಿ ಕುದಿದು ಪಾಕವಾಗಿ ಬೆಲ್ಲ ಕಟ್ಟುತ್ತದೆ. ಬಣ್ಣ ಕಂದಿದರೆ ಯಾರೂ ಬೇಡ ಅನ್ನುವುದಿಲ್ಲ. ಬಿಳಿ ಸಕ್ಕರೆಗೆ ಆ ಶಾಖ ಆಗದು, ಸುಟ್ಟುಹೋಗುತ್ತದೆ. 1813ರಲ್ಲಿ ಎಡ್ವರ್ಡ್ ಚಾರ್ಲ್ಸ್ ಹೊವರ್ಡ್ ಎಂಬ ಇಂಗ್ಲಿಷ್ ರಸಾಯನಶಾಸ್ತ್ರಜ್ಞ ಪಾತ್ರೆಯ ಬಾಯಿ ಮುಚ್ಚಿ, ಒಳಗಿನ ಗಾಳಿ ಎಳೆದು, ಕಡಿಮೆ ಶಾಖಕ್ಕೇ ಪಾಕ ಕುದಿಯುವ ಹಾಗೆ ಮಾಡಿದ. ಅವನ ವ್ಯಾಕ್ಯೂಮ್ ಪ್ಯಾನ್ ಹೊಸಪೇಟೆಯ ಚಿತ್ತವಾಡ್ಗಿಯ ಐಎಸ್‌ಆರ್ ಸಕ್ಕರೆ ಕಾರ್ಖಾನೆಗೂ ಬಂತು. ಆ ಕಾರ್ಖಾನೆ ಮುಚ್ಚಿ ವರ್ಷಗಳಾದವು, ಕಬ್ಬಿನ ಲಾರಿಗಳು ದೂರದ ಊರುಗಳಿಗೆ ಹೋಗತೊಡಗಿದವು. ಪ್ಯಾನ್‌ಮನ್ ಎಂಬ ಹುದ್ದೆಯೂ ಊರಿಂದ ಕಳಚಿಕೊಂಡಿತು. ಪ್ರೂಫ್ ಸ್ಟಿಕ್ಕಿನಿಂದ ಒಂದು ಚಿಟಿಕೆ ಪಾಕ ತೆಗೆದು ಗಾಜಿನ ಮೇಲೆ ಸವರಿ ಬೆಳಕಿಗೆ ಹಿಡಿದು ಹರಳನ್ನು ಓದುವ ಆ ಕೆಲಸ, ನನ್ನ ಮಟ್ಟಿಗೆ, ಕಾರ್ಖಾನೆಯ ಕೆಲಸಗಳಲ್ಲೆಲ್ಲ ಸಂಗೀತಕ್ಕೆ ಹತ್ತಿರವಾದದ್ದು.

ಪ್ಯಾನಿನಿಂದ ಪಂಪು ಎಳೆಯುವುದರಲ್ಲಿ ನೀರಾವಿಯ ಜೊತೆಗೆ ಗಂಧಕದ ಡೈಆಕ್ಸೈಡೂ ಇರುತ್ತದೆ, ರಸವನ್ನು ಬಿಳಿಯಾಗಿಸಲು ಗಂಧಕ ಸುಟ್ಟು ಹಾಯಿಸಿದ್ದರ ಉಳಿಕೆ. ಈ ಅನಿಲ ಮಾತ್ರ ಪ್ರಾಮಾಣಿಕ. ಕೆಲವೇ ಪಿಪಿಎಂಗೆ ಮೂಗು, ಗಂಟಲು ಸುಟ್ಟು ಓಡಿಸಿಬಿಡುತ್ತದೆ. ಇದಕ್ಕೆ ಹಾಕುವುದು ನೀರಿನ ಉಂಗುರದ ಪಂಪು: ಕವಚದೊಳಗೆ ನೀರೇ ಗಿರಗಿರ ತಿರುಗಿ ಗೋಡೆಗಂಟಿ ಪಿಸ್ಟನ್ನಿನ ಕೆಲಸ ಮಾಡುತ್ತದೆ. ಲೋಹ ಲೋಹಕ್ಕೆ ತಾಗುವುದಿಲ್ಲ, ಬಿಸಿಯೇರುವುದಿಲ್ಲ, ಆದ್ದರಿಂದ ಉರಿಯುವ ಅನಿಲಕ್ಕೂ ಇದು ಮೆಚ್ಚಿನ ಪಂಪು. ಆದರೆ ಗಂಧಕದ ಅನಿಲ ನೀರಿನಲ್ಲಿ ಕರಗಿ ಆಮ್ಲವಾಗುತ್ತದೆ, ರೆಕ್ಕೆಗಳನ್ನು ತಿನ್ನುತ್ತದೆ, ಚರಂಡಿಯಲ್ಲಿ ಮತ್ತೆ ಗಾಳಿಗೆ ಬಿಚ್ಚಿಕೊಳ್ಳುತ್ತದೆ. ಹಾಟ್‌ವೆಲ್ಲಿನ ಕಥೆಯೇ ಇನ್ನೊಂದು ವೇಷದಲ್ಲಿ.

ಈ ಊರಿನ ಆಪರೇಟರುಗಳು ತಿಳಿದಿರಬೇಕಾದ ಒಂದು ಸಂಗತಿ ಬೇರೆ ಕಡೆ ಅಚ್ಚಾದ ಕೈಪಿಡಿಯಲ್ಲಿ ಸಿಗುವುದಿಲ್ಲ. ಗೇಜಿನ ಮುಖದ ಮೇಲೆ 760 ಮಿಲಿಮೀಟರ್‌ವರೆಗೆ ಗೀಟು ಹಾಕಿರುತ್ತಾರೆ. ಹೊಸಪೇಟೆಯ ಎತ್ತರ ಸುಮಾರು 480 ಮೀಟರ್, ಇಲ್ಲಿನ ಗಾಳಿಯ ಒತ್ತಡವೇ 718ರ ಹತ್ತಿರ. ಎಂಥ ಪಂಪು ತಂದರೂ ಮುಳ್ಳು ಅದನ್ನು ದಾಟುವುದಿಲ್ಲ. ಗೇಜು 650 ತೋರಿಸಿದಾಗ ಕರಾವಳಿಯ ಪ್ಯಾನಿನಲ್ಲಿ 110 ಮಿಲಿಮೀಟರ್ ಒತ್ತಡ ಉಳಿದಿರುತ್ತದೆ, ಇಲ್ಲಿ 68 ಮಾತ್ರ. ಅದರ ಮೇಲೆ ಏಪ್ರಿಲ್‌ನ ಬಿಸಿಲು. ಉಂಗುರದ ನೀರು 40 ಡಿಗ್ರಿಗೆ ಬಂದರೆ 55 ಮಿಲಿಮೀಟರ್ ಒತ್ತಡದಲ್ಲಿ ಆ ನೀರೇ ಪಂಪಿನೊಳಗೆ ಕುದಿಯುತ್ತದೆ, ಒಳಗೆ ಜಲ್ಲಿಕಲ್ಲು ಹಾಕಿ ಕುಲುಕಿದಂಥ ಸದ್ದು ಬರುತ್ತದೆ. ಬೆಂಗಳೂರಿನಿಂದ ಫೋನಿನಲ್ಲಿ 700 ಯಾಕೆ ಬರುತ್ತಿಲ್ಲ ಎಂದು ಗದರಿಸುವ ಸಾಹೇಬರನ್ನು ಮೆಚ್ಚಿಸಲು ಹೊರಟ ಆಪರೇಟರು ಪಂಪನ್ನು ಕೊರೆಸಿಬಿಡುತ್ತಾನೆ. ಕೊರೆದ ಪಂಪಿನ ಸೀಲು ಸೋರುತ್ತದೆ.

ಗಾಡಿಯ ಮೇಲಿನ ಪಂಪು

ಮೂರನೆಯ ಪಂಪನ್ನು ನೋಡಲು ಕಾರ್ಖಾನೆಯ ಗೇಟಿನಲ್ಲಿ ಪಾಸ್ ಕೇಳಬೇಕಿಲ್ಲ. ಒಳಚರಂಡಿ ತಲುಪದ ಬಡಾವಣೆಗಳಲ್ಲಿ, ಹಂಪಿ–ಕಮಲಾಪುರದ ಲಾಡ್ಜು, ಹೋಂಸ್ಟೇಗಳ ಹಿಂಬದಿಯಲ್ಲಿ, ಸಂಡೂರಿನ ಗಣಿ ಕಾರ್ಮಿಕರ ವಠಾರಗಳಲ್ಲಿ ಅದು ಬೆಳಿಗ್ಗೆ ಬಂದು ನಿಲ್ಲುತ್ತದೆ. ಪುರಸಭೆಯವರ ಭಾಷೆಯಲ್ಲಿ ಸಕ್ಕಿಂಗ್ ಯಂತ್ರ. ಟ್ಯಾಂಕರಿನ ಎಂಜಿನ್ನಿಗೆ ಕೂಡಿಸಿದ ರೋಟರಿ ವೇನ್ ಪಂಪು ಟ್ಯಾಂಕಿನ ಗಾಳಿಯನ್ನು ಎಳೆಯುತ್ತದೆ, ಹೊರಗಿನ ಗಾಳಿ ಗುಂಡಿಯ ಹೊಲಸನ್ನು ಪೈಪಿನೊಳಗೆ ತಳ್ಳುತ್ತದೆ. ಆರ್‌ಎಚ್ ಪಾತ್ರೆಯಲ್ಲಿ ಉಕ್ಕು ಏರುವುದಕ್ಕೂ ಇದಕ್ಕೂ ತತ್ವದಲ್ಲಿ ಕೂದಲೆಳೆಯ ವ್ಯತ್ಯಾಸವಿಲ್ಲ. ಬಿಡುವ ಬಾಯಿಯಲ್ಲಿ ಮಾತ್ರ ವ್ಯತ್ಯಾಸ ನೆಲಕ್ಕೂ ಮುಗಿಲಿಗೂ ಇದೆ. ಅಲ್ಲಿ ಚಿಮಣಿ, ಸಾರಜನಕ, ಇಂಟರ್‌ಲಾಕ್, ಮಾನಿಟರ್. ಇಲ್ಲಿ ಬಹಳ ಗಾಡಿಗಳಲ್ಲಿ ಒಂದು ಗೇಣಿನ ಪೈಪು, ಲಿವರ್ ಹಿಡಿದು ನಿಂತವನ ಸೊಂಟದ ಮಟ್ಟಕ್ಕೆ.

ಆ ಪೈಪಿನಿಂದ ಬರುವುದು ಹೈಡ್ರೊಜನ್ ಸಲ್ಫೈಡ್ ಮತ್ತು ಮೀಥೇನ್. ಎರಡೂ ಉರಿಯುತ್ತವೆ. ಹೈಡ್ರೊಜನ್ ಸಲ್ಫೈಡ್ ಗಾಳಿಗಿಂತ ಭಾರ, ಗುಂಡಿಯಲ್ಲೂ ಗಲ್ಲಿಯಲ್ಲೂ ತಳ ಹಿಡಿದು ನಿಲ್ಲುತ್ತದೆ. ಮೊದಲಿಗೆ ಕೊಳೆತ ಮೊಟ್ಟೆಯ ವಾಸನೆ ಕೊಟ್ಟು ಎಚ್ಚರಿಸುತ್ತದೆ. ನೂರು ಪಿಪಿಎಂ ದಾಟಿದರೆ ವಾಸನೆ ಹಿಡಿಯುವ ನರವನ್ನೇ ಮಂಕಾಗಿಸುತ್ತದೆ. ವಾಸನೆ ನಿಂತಿತು, ಗ್ಯಾಸೆಲ್ಲ ಹೋಯಿತು ಎಂದು ಬಗ್ಗಿ ನೋಡುವವನು ಅಲ್ಲೇ ಬೀಳುತ್ತಾನೆ. ಕಾರ್ಬನ್ ಮೊನಾಕ್ಸೈಡ್ ಏನನ್ನೂ ಹೇಳುವುದಿಲ್ಲ, ಇದು ಸುಳ್ಳು ಹೇಳುತ್ತದೆ. ಕಾನೂನು ಪಾಳಿಯ ಸರಾಸರಿಗೆ ಹಾಕಿದ್ದ ಮಿತಿ 10 ಪಿಪಿಎಂ. ಕಲಕಿದ ಸೆಪ್ಟಿಕ್ ಗುಂಡಿಯಲ್ಲಿ ಅದರ ಎಷ್ಟೋ ಪಟ್ಟು ಒಮ್ಮೆಗೇ ಏಳಬಲ್ಲದು.

ಆದರೆ ಸಾವುಗಳು ಹೆಚ್ಚಾಗಿ ಆಗುವುದು ಪಂಪು ಓಡುವಾಗ ಅಲ್ಲ, ಸೋತಾಗ. ವರ್ಷಗಟ್ಟಲೆ ತೆಗೆಸದ ಗುಂಡಿಯ ತಳದಲ್ಲಿ ಹೂಳು ಗಟ್ಟಿಯಾಗಿ ಕೂತಿರುತ್ತದೆ. ಹರಿಯದ್ದನ್ನು ಯಾವ ನಿರ್ವಾತವೂ ಏರಿಸಲಾರದು, ಇಲ್ಲಿನ ಗಾಳಿ ನೀರನ್ನೇ 9.7 ಮೀಟರಿಗಿಂತ ಮೇಲೆ ತಳ್ಳಲಾರದು. ಆಗ ಮನೆಯ ಯಜಮಾನರು, ಪೂರ್ತಿ ಖಾಲಿ ಮಾಡಿದರೆ ಮಾತ್ರ ದುಡ್ಡು ಎನ್ನುತ್ತಾರೆ. ಒಬ್ಬ ಸಲಿಕೆ ಹಿಡಿದು ಇಳಿಯುತ್ತಾನೆ. 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ರಕ್ಷಣಾ ಸಾಧನವಿಲ್ಲದೆ ಹೀಗೆ ಇಳಿಸುವುದನ್ನು ಅಪರಾಧವೆಂದಿದೆ. 2014ರ ಮಾರ್ಚ್ 27ರಂದು ಸುಪ್ರೀಂ ಕೋರ್ಟ್ ಇಂಥ ಪ್ರತಿ ಸಾವಿಗೆ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಿ ಎಂದಿತು, 2023ರ ಅಕ್ಟೋಬರ್ 20ರಂದು ಅದನ್ನು 30 ಲಕ್ಷಕ್ಕೆ ಏರಿಸಿತು. ಪಂಪಿಗೆ ಆಗದ ಕೆಲಸವನ್ನು ಪಂಪಿನಿಂದಲೇ ಮಾಡಿಸಲು ದಾರಿಗಳಿವೆ. ಹಿಂದಿನ ದಿನವೇ ನೀರು ಬಿಟ್ಟು ನೆನೆಸುವುದು, ಮೇಲಿನಿಂದಲೇ ಜೆಟ್ ನೀರು ಹಾಯಿಸಿ ಹೂಳನ್ನು ಕದಡುವುದು, ಎರಡು ಸುತ್ತಿನಲ್ಲಿ ಎತ್ತುವುದು. ಹೂಳು ಕದಡಿದಾಗಲೇ ಅನಿಲ ಜಾಸ್ತಿ ಏಳುವುದರಿಂದ ಆ ಹೊತ್ತಿಗೆ ಬಾಯಿಯ ಹತ್ತಿರ ಯಾರೂ ಇರಬಾರದು. ಇನ್ನು ತಳದಲ್ಲಿ ಒಂದು ಗೇಣು ಹೂಳು ಉಳಿದರೆ ಅದು ದೋಷವೇ ಅಲ್ಲ. ಮುಂದಿನ ಸಲ ಕೊಳೆಸುವ ಕೆಲಸಕ್ಕೆ ಬೇಕಾದ ಜೀವಾಣುಗಳು ಅದರಲ್ಲೇ ಇರುತ್ತವೆ. ಗುಂಡಿಯ ಯಜಮಾನರಿಗೆ ಇದನ್ನು ಹೇಳುವವರಿಲ್ಲ.

ಗಾಡಿಯನ್ನು ನಿಲ್ಲಿಸುವಾಗ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಬೇಕು. ಮುಚ್ಚಳ ತೆಗೆದು ಸಾಕಷ್ಟು ಹೊತ್ತು ದೂರ ನಿಲ್ಲಬೇಕು. ಬೀಡಿ ಬೇಡ, ಬೆಂಕಿಕಡ್ಡಿ ಗೀರಿ ಆಳ ನೋಡುವುದಂತೂ ಬೇಡವೇ ಬೇಡ. ಖಾಲಿ ಮಾಡುವಾಗ ಲಿವರ್ ತಿರುಗಿಸಿದರೆ ಅದೇ ಪಂಪು ಟ್ಯಾಂಕಿನೊಳಗೆ ಗಾಳಿ ತುಂಬಿ ಹೊಲಸನ್ನು ಹೊರಗೆ ತಳ್ಳುತ್ತದೆ. ಆಗ ಟ್ಯಾಂಕು ಒತ್ತಡದ ಪಾತ್ರೆ, ಸೇಫ್ಟಿ ವಾಲ್ವ್ ಕಟ್ಟಿಕೊಂಡಿದ್ದರೆ ಹಿಂಬದಿಯ ಬಾಗಿಲು ಹಾರಬಲ್ಲದು. ಯಾರಾದರೂ ಒಳಗೆ ಬಿದ್ದರೆ ಇಳಿಯದೆ 14420ಕ್ಕೋ ಅಗ್ನಿಶಾಮಕ ಠಾಣೆಗೋ ಫೋನು ಮಾಡಬೇಕು. ಮುಖಕ್ಕೆ ಕಟ್ಟಿದ ಟವೆಲ್ಲಿಗೂ ಕೋವಿಡ್ ಮಾಸ್ಕಿಗೂ ಅನಿಲ ತಡೆಯುವ ಶಕ್ತಿಯಿಲ್ಲ, ಬೆನ್ನಿಗೆ ಸಿಲಿಂಡರ್ ಹೊತ್ತವರು ಬರುವ ತನಕ ಕಾಯಬೇಕು. ಕಾಯುವುದು ಕಷ್ಟ.

ಮತ್ತೆ ಆ ಒಂದು ಗೇಣಿನ ಪೈಪು. ಅದಕ್ಕೆ ಜಿಐ ಪೈಪು ಬೆಸೆದು ಟ್ಯಾಂಕಿನ ನೆತ್ತಿ ದಾಟಿಸಿ ಮೇಲಕ್ಕೆ ಒಯ್ಯಬಹುದು. ಮಳೆ ಬೀಳದಂತೆ ತುದಿಗೊಂದು ಟೊಪ್ಪಿ, ಕಿಡಿ ಹಿಂದಕ್ಕೆ ನುಗ್ಗದಂತೆ ಒಂದು ಜಾಲರಿ, ಕೆಳಗೆ ನಿಂತ ನೀರು ಬಸಿಯಲು ಒಂದು ಕಾಕ್. ಪೈಪಿನ ಅಡ್ಡಳತೆ ಪಂಪಿನ ಹೊರಬಾಯಿಗಿಂತ ಕಡಿಮೆ ಆಗಬಾರದು, ಜಾಲರಿಯನ್ನು ಆಗಾಗ ಬಿಚ್ಚಿ ಎಣ್ಣೆ ಮಸಿ ತೊಳೆಯಬೇಕು. ಇಲ್ಲದಿದ್ದರೆ ಹಿಂದೊತ್ತಡ ಬಂದು ಪಂಪು ಬಿಸಿಯೇರುತ್ತದೆ. ಬೆಸುಗೆಗೆ ಮುಂಚೆ ಟ್ಯಾಂಕನ್ನು ನೀರಿನಿಂದ ಪೂರ್ತಿ ತೊಳೆದು, ಒಳಗೆ ಮೀಥೇನ್ ಉಳಿದಿಲ್ಲವೆಂದು ಮಾನಿಟರಿನಿಂದ ನೋಡಿಯೇ ಕಿಡಿ ಹಚ್ಚಬೇಕು, ಅದೂ ಪೈಪನ್ನು ಗಾಡಿಯಿಂದ ಬಿಚ್ಚಿ ದೂರ ಒಯ್ದು. ಹೊಸಪೇಟೆಯಲ್ಲಿ ಗಣಿ ಲಾರಿಗಳ ದೆಸೆಯಿಂದ ವೆಲ್ಡಿಂಗ್ ಅಂಗಡಿಗಳಿಗೇನೂ ಬರವಿಲ್ಲ. ಮಧ್ಯಾಹ್ನ ಗಾಡಿ ಬಿಟ್ಟರೆ ಸಂಜೆಗೆ ಕೊಡುತ್ತಾರೆ.